ನಿಮ್ಮ ಬೆಟ್ಟ ಒಂದೇ ಕಾಡಲ್ಲ, ಮೂರು

ಅಕ್ಕಾ, ನೀವು ಹಾಕಿದ ಹನ್ನೊಂದು ಫೋಟೋನೂ ನಿಧಾನಕ್ಕೆ ನೋಡಿದೆ. ತೋಟದ ಮೇಲಿನ ಐದು ಎಕರೆ ಸೊಪ್ಪಿನ ಬೆಟ್ಟ (ತೋಟದ ಗೊಬ್ಬರಕ್ಕೆ ಸೊಪ್ಪು ಕೊಯ್ಯುವ ಕಾಡು) ಯಾವ ಬಗೆಯ ಕಾಡು, ಅಲ್ಲಿ ಏನು ನೆಟ್ಟರೆ ಸರಿ ಅಂತ ಕೇಳಿದ್ದೀರಿ. ಕೆಳಗಿನ ಕಾಮೆಂಟುಗಳಲ್ಲಿ ಒಬ್ಬರು ನಿತ್ಯಹಸಿರು ಕಾಡು ಅಂದಿದ್ದಾರೆ, ಇನ್ನೊಬ್ಬರು ಎಲೆ ಉದುರುವ ಕಾಡು ಅಂದಿದ್ದಾರೆ, ಮತ್ತೊಬ್ಬರು ಬರೀ ಹಕ್ಕಲು (ಕುರುಚಲು ನೆಲ) ಅಂತ ತೀರ್ಮಾನ ಕೊಟ್ಟಿದ್ದಾರೆ. ಮೂವರು ಹೇಳಿದ್ದೂ ಸರಿಯೇ. ಒಬ್ಬೊಬ್ಬರು ಒಂದೊಂದು ಫೋಟೋ ನೋಡಿದ್ದಾರೆ ಅಷ್ಟೇ.

ಕಾನು (ದಟ್ಟ ನಿತ್ಯಹಸಿರು ಕಾಡು), ಬೆಟ್ಟ, ಹಕ್ಕಲು, ಬ್ಯಾಣ (ಹುಲ್ಲುಗಾವಲು) ಅಂತ ನಮ್ಮ ಹಿರಿಯರು ಮೊದಲಿಂದಲೂ ಬೇರೆ ಬೇರೆ ಮಾಡಿಟ್ಟಿದ್ದರು. 1868ರಲ್ಲಿ ಬ್ರಿಟಿಷ್ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾಡಿನ ಬಗ್ಗೆ ಸರ್ಕಾರಕ್ಕೆ ವರದಿ ಬರೆದಾಗ ‘ಕಾನು’ ಅನ್ನೋ ಪದವನ್ನೇ ಇಟ್ಟುಕೊಂಡರು. 1936ರಲ್ಲಿ ಅರಣ್ಯ ವಿಜ್ಞಾನಿ ಚಾಂಪಿಯನ್ ಇಡೀ ದೇಶದ ಕಾಡುಗಳನ್ನು ವಿಂಗಡಿಸಿದರು. 1968ರಲ್ಲಿ ಸೇಠ್ ಜೊತೆ ಸೇರಿ ಅದನ್ನು ತಿದ್ದಿ 16 ದೊಡ್ಡ ಗುಂಪು ಮಾಡಿದರು. ಅರಣ್ಯ ಇಲಾಖೆಯ ಕಾಗದದಲ್ಲಿ ಈಗಲೂ ಓಡುವುದು ಅದೇ. ದೇಶದ ನಕ್ಷೆಗೆ ಅದು ಸಾಕು, ಐದು ಎಕರೆಗೆ ಸಾಲದು.

1980ರ ದಶಕದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ಪಶ್ಚಿಮ ಘಟ್ಟದ ನಕ್ಷೆ ಮಾಡಿದಾಗ ಎತ್ತರ, ಮಳೆಯಿಲ್ಲದ ತಿಂಗಳು ಇವನ್ನು ನೋಡಿ, ಆಮೇಲೆ ಅಲ್ಲಿಯ ಮುಖ್ಯ ಮರಗಳ ಹೆಸರನ್ನೇ ಕಾಡಿಗೆ ಇಟ್ಟರು. ಧೂಮ, ಹಸಿಗೆ, ಬಲಗಿ ಸೇರಿದರೆ ಅದು ಒಂದು ಬಗೆ. ನನಗೆ ಈ ದಾರಿ ಇಷ್ಟ. ಹೆಸರು ಕೇಳಿದ ಕೂಡಲೇ ಕಾಡು ಕಣ್ಣಿಗೆ ಕಟ್ಟುತ್ತದೆ ಅಲ್ವಾ?

ಈಗ ನಿಮ್ಮ ಕೆಲಸ. ಹಳ್ಳದಿಂದ ಶುರು ಮಾಡಿ ನೆತ್ತಿವರೆಗೆ ಒಮ್ಮೆ ನಡೆಯಿರಿ. ನೆಲ, ನೆರಳು, ಮರ ಎಲ್ಲಿ ಬದಲಾಯಿತು ಅನ್ನಿಸುತ್ತದೋ ಅಲ್ಲೊಂದು ಗುರುತು ಮಾಡಿ. ಪ್ರತಿ ಭಾಗದ ನಡುವೆ ನಾಲ್ಕು ಗೂಟ ಹೊಡೆದು 20 ಮೀಟರ್ ಉದ್ದ, 20 ಮೀಟರ್ ಅಗಲಕ್ಕೆ ಹಗ್ಗ ಕಟ್ಟಿ. ಅಂಚಿನಲ್ಲಿ ಬೇಡ, ಅಲ್ಲಿ ಎರಡೂ ಕಡೆಯ ಗಿಡ ಬೆರೆತಿರುತ್ತವೆ. ಒಳಗಿರುವ ಮರಗಳ ಪೈಕಿ ಎದೆ ಎತ್ತರದಲ್ಲಿ 30 ಸೆಂ.ಮೀ.ಗಿಂತ ಜಾಸ್ತಿ ಸುತ್ತಳತೆ ಇರುವ ಪ್ರತಿಯೊಂದನ್ನೂ ಟೇಪಿನಲ್ಲಿ ಅಳೆದು ಬರೆಯಿರಿ. ಎದೆ ಎತ್ತರ ಅಂದರೆ ನೆಲದಿಂದ ನಾಲ್ಕೂವರೆ ಅಡಿ. ಹೊಳೆಗೇರು ಇದ್ದರೆ ಜೋಪಾನ, ಸೊನೆ ತಾಗಿದರೆ ಮೈ ಸುಟ್ಟು ಬೊಬ್ಬೆ ಏಳುತ್ತದೆ.

ಸುಮ್ನೆ ಎಣಿಸಿದರೆ ಸಾಲದು, ಅಳೆಯಲೇಬೇಕು. ಯಾಕೆ ಅಂದರೆ, 40 ಸೆಂ.ಮೀ. ಸುತ್ತಳತೆಯ 25 ನೇರಳೆ ಮರ ಇವೆ, 2 ಮೀಟರ್ ಸುತ್ತಳತೆಯ ಗುಳಮಾವು ಒಂದೇ ಇದೆ ಅಂತಿಟ್ಟುಕೊಳ್ಳಿ. ಕಾಂಡಗಳ ಅಡ್ಡಕೊಯ್ತದ ಲೆಕ್ಕ ಹಾಕಿದರೆ ಆ 25 ಮರವೂ ಈ ಒಂದು ಮರವೂ ಸರಿಸಮ. ತಲೆ ಎಣಿಸಿ ನೇರಳೆ ಕಾಡು ಅಂದುಬಿಟ್ಟರೆ, ಅಷ್ಟೂ ನೆರಳು ಕೊಡುತ್ತಿರುವ ಗುಳಮಾವು ಲೆಕ್ಕದಿಂದಲೇ ಹೋಯಿತು.

ಅದೇ ಹಗ್ಗದೊಳಗೆ ಒಂದು ಮೂಲೆಯಲ್ಲಿ ಕೂತು ನೆಲ ನೋಡಿ. ನಾನು ಮರಕ್ಕಿಂತ ಜಾಸ್ತಿ ನಂಬುವುದು ಸಸಿಗಳನ್ನು. ನಿಮ್ಮ ಮೂರನೇ ಫೋಟೋದಲ್ಲಿ ಮೇಲೆ ಮತ್ತಿ, ಹುಣಾಲು, ಹೊನ್ನೆ ಇವೆ, ಎಲ್ಲವೂ ಎಲೆ ಉದುರಿಸುವ ಮರಗಳು. ಬುಡದಲ್ಲಿ ಎದ್ದಿರುವುದು ಗುಳಮಾವು, ಹೊಳೆಗೇರು, ಮುರುಗಲು. ಸೊಪ್ಪು ಕಡಿದು ಕಡಿದು ಬಿಸಿಲು ಬಿದ್ದಿದ್ದಕ್ಕೆ ಮತ್ತಿ ಗೆದ್ದಿದೆ, ಈಗ ನೀವು ಕೊಯ್ಯುವುದು ಕಡಿಮೆ ಮಾಡಿದ ಮೇಲೆ ಕಾನು ಮರಳಿ ಬರುತ್ತಿದೆ. ಅಲ್ಲಿ ಏನೂ ನೆಡಬೇಡಿ. ಬೆಂಕಿ ಬೀಳದಂತೆ ಕಾಯಿರಿ, ಸಾಕು.

ಇನ್ನೊಂದು ಮಾತು, ಮಳೆಗಾಲದಲ್ಲಿ ನೋಡಿ ತೀರ್ಮಾನ ಮಾಡಬೇಡಿ. ನಾನು ಮೊದಲ ಸಲ ಆಗಸ್ಟಿನಲ್ಲಿ ಪಟ್ಟಿ ಮಾಡಿ ನಮ್ಮದು ಪೂರ್ತಿ ನಿತ್ಯಹಸಿರು ಅಂತ ಬರೆದಿಟ್ಟಿದ್ದೆ. ಶಿವರಾತ್ರಿ ಕಳೆದ ಮೇಲೆ ಹೋಗಿ ನೋಡಿದರೆ ಅರ್ಧ ಬೆಟ್ಟ ಬೋಳು. ಫೆಬ್ರವರಿ, ಮಾರ್ಚ್‌ನಲ್ಲಿ ಇನ್ನೊಂದು ಸುತ್ತು ಹೋಗಲೇಬೇಕು.

ನೆತ್ತಿಯ ಕುರುಚಲು ವಿಷಯಕ್ಕೆ ಬಂದರೆ, ಅದು ಹಾಳಾದ ಕಾಡೋ, ಹುಟ್ಟಿನಿಂದಲೇ ಕುರುಚಲೋ ಅಂತ ಮೊದಲು ತಿಳಿಯಬೇಕು. ಮುಳ್ಳಿನ ಕೌಳಿ ಪೊದೆ ಬಗ್ಗಿಸಿ ಬುಡ ನೋಡಿ. ಹಳೇ ಮರದ ಮೋಟು, ಅದರಿಂದ ಚಿಗುರು ಇದ್ದರೆ ಅದು ಕಡಿದು ಹೋದ ಕಾಡು. ಅಲ್ಲಿ ಕೌಳಿಯನ್ನು ಸವರಬೇಡಿ. ಪಿಕಳಾರ ಹಕ್ಕಿ ಕೂತು ಹಾಕಿದ ಬೀಜ ಆ ಮುಳ್ಳಿನೊಳಗೆ ದನದ ಬಾಯಿಗೆ ಸಿಗದೆ ಬೆಳೆಯುತ್ತದೆ. ಕಮ್ಯುನಿಸ್ಟ್ ಗಿಡ (ಎಲ್ಲೆಡೆ ಹಬ್ಬುವ ಹೊರಗಿನ ಕಳೆ) ಮಾತ್ರ ಹೂ ಬಿಡುವ ಮೊದಲೇ ಕೀಳಿ. ಮೋಟು ಇಲ್ಲ, ಹಾರೆ ಹಾಕಿದರೆ ಅರ್ಧ ಅಡಿಗೇ ಠಣ್ ಅಂತ ಕಲ್ಲು ಸಿಗುತ್ತದೆ ಅಂದರೆ ಅದು ಇರುವುದೇ ಹಾಗೆ. ಅಲ್ಲಿ ಗುಂಡಿ ತೋಡಿ ಗಿಡ ನೆಟ್ಟು ದುಡ್ಡು ಕಳೆಯಬೇಡಿ. ಮಳೆಗಾಲದಲ್ಲಿ ಅಲ್ಲಿ ಏಳುವ ಹುಲ್ಲು, ಪುಟ್ಟ ಹೂವಿನ ಗಿಡ ಅವೇ ಆ ಜಾಗದ ಸಂಪತ್ತು.

ಒಂಬತ್ತನೇ ಫೋಟೋ ಬಗ್ಗೆ ಯಾರೂ ಏನೂ ಹೇಳಿಲ್ಲ. ನನಗೆ ಅದನ್ನು ನೋಡಿದಾಗಿನಿಂದ ಸಮಾಧಾನ ಇಲ್ಲ. ಹಳ್ಳದ ಪಕ್ಕ ಕೆಸರಿನಿಂದ ಮಂಡಿ ಮಡಿಸಿದಂತೆ ಬೇರು ಎದ್ದಿವೆ, ಪಕ್ಕದಲ್ಲಿ ಮುಂಡಿಗೆ (ಕೇದಗೆ ಜಾತಿಯ ಗಿಡ) ಹಿಂಡು. ಕೆಸರಿನಲ್ಲಿ ಗಾಳಿ ಇಲ್ಲ, ಹಾಗಾಗಿ ಬೇರು ಉಸಿರಾಡಲು ಮೇಲೆ ಬರುತ್ತದೆ. ಇದು ರಾಮಪತ್ರೆ ಜಡ್ಡಿ, ಅಂದರೆ ಜಾಜಿಕಾಯಿ ಬಳಗದ ಮರಗಳ ಜೌಗು ಕಾಡು, ಇರಬಹುದು. ಚಾಂಪಿಯನ್–ಸೇಠ್ ಪಟ್ಟಿಯಲ್ಲಿ ಈ ಜೌಗು ಕಾಡಿಗೆ ಬೇರೆಯದೇ ಜಾಗ ಇದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಇಂಥದೇ ಜಡ್ಡಿಯಲ್ಲಿ ಸಿಕ್ಕ ಹೊಸ ಜಾತಿಯ ಗೇರು ಮರಕ್ಕೆ 2000ದಲ್ಲಿ ಆ ಊರಿನ ಹೆಸರನ್ನೇ ಇಟ್ಟರು. ಆದರೆ ರಾಮಪತ್ರೆ ಕಂಡ ಕೂಡಲೇ ಜಡ್ಡಿ ಅನ್ನಬೇಡಿ. ಪೇಟೆಗೆ ಹೋಗುವ ರಾಮಪತ್ರೆಯ ಮರ ಒಣ ನೆಲದಲ್ಲೂ ಬರುತ್ತದೆ. ಮಂಡಿ ಬೇರು, ಊರುಗೋಲಿನಂಥ ಬೇರು, ಬೇಸಿಗೆಯಲ್ಲೂ ಆರದ ಕೆಸರು ಮೂರೂ ಒಟ್ಟಿಗೆ ಇರಬೇಕು.

ತೋಟ ಒಂದು ಸಾಲು ಮುಂದೆ ಹೋಗಲಿ ಅಂತ ಅಲ್ಲಿ ಬಸಿಗಾಲುವೆ ತೆಗೆಯುವ ಯೋಚನೆ ಇದೆ ಅಂತ ಬರೆದಿದ್ದೀರಲ್ಲ, ದಯವಿಟ್ಟು ಬೇಡ ಅಕ್ಕಾ. ನಮ್ಮ ಚಿಕ್ಕಪ್ಪ ಹಾಗೆ ತೆಗೆಸಿದ ಮೇಲೆ ಏಪ್ರಿಲ್‌ವರೆಗೆ ಹರಿಯುತ್ತಿದ್ದ ಹಳ್ಳ ಫೆಬ್ರವರಿಗೇ ನಿಂತಿತು. ಈಗ ಅದೇ ತೋಟಕ್ಕೆ ಬೋರ್ ನೀರು ಬಿಡುತ್ತಿದ್ದಾರೆ. ಅಲ್ಲಿ ಗಿಡ ಹೆಚ್ಚಿಸಬೇಕು ಅನ್ನಿಸಿದರೆ ಬಿದ್ದ ಕಾಯಿಯನ್ನೇ ಹೆಕ್ಕಿ ಒಂದೆರಡು ದಿನದೊಳಗೆ ಒದ್ದೆ ಮರಳಿನಲ್ಲಿ ಊರಿ. ಒಣಗಿಸಿಟ್ಟರೆ ಆ ಬೀಜ ಸತ್ತು ಹೋಗುತ್ತದೆ.

ಮೂರೂ ಜಾಗದ ಪಟ್ಟಿ ಆದ ಮೇಲೆ ಇಲ್ಲೇ ಹಾಕಿ. ಗುರುತು ಸಿಗದ ಮರದ ಎಲೆಯ ಎರಡೂ ಬದಿ, ತೊಗಟೆ, ಕಚ್ಚು ಮಾಡಿದರೆ ಬರುವ ಹಾಲಿನ ಬಣ್ಣ, ಇಷ್ಟರ ಫೋಟೋ ಬೇಕು. ರಾಮಪತ್ರೆ ಬಳಗದ ಮರವೋ ಅಲ್ಲವೋ ತಿಳಿಯಲು, ಒಂಬತ್ತನೇ ಫೋಟೋದ ಮರದ ಹಾಲು ಕೆಂಪಾಗಿದೆಯಾ ಅಂತ ಮಾತ್ರ ನಾಳೆಯೇ ನೋಡಿ ಹೇಳಿ.