ಆ ನಾಯಿ ನಿಧಾನ ಇದ್ದಿದ್ದು ನಿಜಾನೇ

ಮನಸ್ಸಿನ ಕಷ್ಟ ಹೇಳ್ಕೊಂಡು ಜನ ನನ್ನ ಹತ್ರ ಬರ್ತಾರೆ. ಈ ಥರದ್ದು ಬಂದಿದ್ದು ಇದು ಮೂರನೇ ಸಲ, ಅದಕ್ಕೇ ಬರೀತಿದ್ದೀನಿ. ಮೊದಲ ಎರಡರಲ್ಲಿ ಆಟ ಬೇರೆ ಇತ್ತು, ಕಥೆ ಮಾತ್ರ ಇದೇ: ಹೊರಗೆ ನಿಂತು ನೋಡ್ತಾ ಆಡಿದ ಒಂದು ಮಾತು ಯಾರ ಕಿವಿಗೆ ಬೀಳಬಾರದಿತ್ತೋ ಅವರ ಕಿವಿಗೇ ಬಿದ್ದುಬಿಡೋದು. ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದ್ದೀನಿ.

ಈಕೆಗೆ 40ರ ಆಸುಪಾಸು, ಬಂದಿದ್ದು ರಾತ್ರಿ ನಿದ್ದೆ ಬರಲ್ಲ ಅಂತ. ಎಷ್ಟೋ ವರ್ಷದಿಂದ ಡಾಗ್ ಅಜಿಲಿಟಿ, ಅಂದ್ರೆ ನಾಯಿ ಅಡೆತಡೆಗಳನ್ನ ದಾಟಿ ಓಡೋ ಆಟದ ಸ್ಪರ್ಧೆಗಳಿಗೆ ಹೋಗೋರು. ನನಗೆ ಈ ಆಟದ ಗಂಧಗಾಳಿ ಇರಲಿಲ್ಲ, ಎರಡನೇ ಭೇಟಿಗೆ ಮುಂಚೆ ಕೂತು ಓದ್ಕೊಂಡೆ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ, ಕುದುರೆಗಳ ಶೋ ಜಂಪಿಂಗ್ ನೋಡಿ, ಮಧ್ಯದ ಬಿಡುವಲ್ಲಿ ಜನ ಖುಷಿಪಡ್ಲಿ ಅಂತ ಶುರು ಮಾಡಿದ್ದಂತೆ. ಜಂಪ್, ಟನಲ್, ಏರಿಳಿಯೋ ಹಲಗೆ (ಸೀಸಾ), ಸಾಲಾಗಿ ನೆಟ್ಟ ಕಂಬಗಳ ನಡುವೆ ಅಂಕುಡೊಂಕಾಗಿ ಓಡೋ ವೀವ್ ಪೋಲ್, ಇದನ್ನೆಲ್ಲ ಹೇಳಿದ ಕ್ರಮದಲ್ಲಿ ದಾಟಬೇಕು. ನನ್ನ ಮನಸ್ಸಿಗೆ ನಾಟಿದ್ದು ಒಂದು ವಿಷ್ಯ. ಓಟಕ್ಕೆ ಮುಂಚೆ ದಾರಿ ನಡೆದು ನೋಡ್ಕೊಳ್ಳೋಕೆ ಕೆಲವು ನಿಮಿಷ ಕೊಡ್ತಾರೆ, ಆದ್ರೆ ನಾಯೀನ ಓಡಿಸೋ ಹ್ಯಾಂಡ್ಲರ್‌ಗೆ ಮಾತ್ರ. ನಾಯಿ ಆ ದಾರೀನ ಓಡುವಾಗಲೇ ಮೊದಲ ಸಲ ನೋಡೋದು, ಮುಂದೆ ಎಲ್ಲಿಗೆ ಅನ್ನೋದನ್ನ ತನ್ನವರ ಭುಜ, ಕಾಲು, ದನಿ ನೋಡಿ ತಿಳ್ಕೋಬೇಕು.

ಇವರ ನಿದ್ದೆ ಕೆಡಿಸಿದ ಮಾತು ನಡೆದಿದ್ದು ಒಂದು ಸ್ಪರ್ಧೇಲಿ. ಆವತ್ತು ಇವರ ನಾಯಿ ಬಾಣದ ಥರ ಓಡಿದೆ. ಎ ಫ್ರೇಮ್, ಅಂದ್ರೆ ಎರಡೂ ಕಡೆ ಇಳಿಜಾರಿರೋ ಹಲಗೆ, ಇಳಿಯುವಾಗ ಕೆಳಗಿನ ಹಳದಿ ಭಾಗಕ್ಕೆ ಪಂಜ ತಾಗಿಸಬೇಕಿತ್ತು, ತಾಗಿಸದೆ ಮೇಲಿಂದಲೇ ಹಾರಿಬಿಡ್ತು. 5 ಫಾಲ್ಟ್, ಅಂದ್ರೆ ತಪ್ಪಿನ ಅಂಕ, ಬಿತ್ತು, ಮೊದಲ ಸ್ಥಾನ ಹೋಯ್ತು. ಸ್ವಲ್ಪ ಹೊತ್ತಿಗೆ ಹೊಸಬರ ಕ್ಲಾಸ್, ಅಂದ್ರೆ ಹೊಸಬರ ವಿಭಾಗದ ಸ್ಪರ್ಧೆ, ನಡೀತಾ ಇತ್ತು. ಒಬ್ಬರ ನಾಯಿ ವೀವ್ ಪೋಲ್ ಅರ್ಧಕ್ಕೆ ಬಿಟ್ಟು ನೆಲ ಮೂಸ್ತಾ ನಿಂತುಬಿಡ್ತು. ಇವರು ಹೊರಬರೋ ದಾರಿ ಹತ್ರ ನಿಂತ್ಕೊಂಡು ಗೆಳತಿಗೆ ಹೇಳಿದ್ರಂತೆ, "ಇಂಥ ನಾಯೀನ ಯಾಕೆ ಕರ್ಕೊಂಡು ಬರ್ತಾರೋ, ಎಲ್ಲರ ಟೈಮ್ ವೇಸ್ಟು." ನಾಯಿಗೆ ಲೀಷ್ ಹಾಕ್ಕೊಂಡು ಹೊರಗೆ ಬರ್ತಿದ್ದ ಆ ಹೊಸಬರು ಒಂದು ಕ್ಷಣ ನಿಂತ್ರು, ಏನೂ ಹೇಳಲಿಲ್ಲ, ಸಾಮಾನು ಕಟ್ಕೊಂಡು ಹೊರಟುಹೋದ್ರು. ಆಮೇಲೆ ಯಾವ ಸ್ಪರ್ಧೆಗೂ ಬಂದಿಲ್ಲ.

ಮೂರನೇ ಭೇಟೀಲಿ ಇವರು ಸ್ವಲ್ಪ ಸಿಟ್ಟಲ್ಲೇ ಇದ್ರು. "ಮೇಡಂ, ನಾನೇನು ಸುಳ್ಳು ಹೇಳಲಿಲ್ಲವಲ್ಲ, ಆ ನಾಯಿ ನಿಧಾನಾನೇ ಇತ್ತು."

"ಇರಬಹುದು. ಯಾಕೆ ನಿಧಾನ ಇತ್ತು?"

ನಾನು ಜಾಣತನ ಮಾಡೋಕೆ ಕೇಳಿದ್ದಲ್ಲ, ನಿಜವಾಗ್ಲೂ ನನಗೆ ಗೊತ್ತಿರಲಿಲ್ಲ. ಇವರು ಖುಷಿಯಾಗಿ ವಿವರಿಸೋಕೆ ಶುರು ಮಾಡಿದ್ರು, ತಮ್ಮ ವಿಷಯ ನೋಡಿ. ನಾಯಿ ರಿಂಗಲ್ಲಿ, ಅಂದ್ರೆ ಸುತ್ತ ಹಗ್ಗ ಕಟ್ಟಿದ ಆಟದ ಅಂಗಳದಲ್ಲಿ, ನೆಲ ಮೂಸೋದು ಎಷ್ಟೋ ಸಲ ಸೋಮಾರಿತನ ಅಲ್ಲ, ಒತ್ತಡ, ಏನು ಮಾಡಬೇಕು ಅಂತ ತಿಳೀದೆ ಇದ್ದಾಗ ಹಾಗೆ ಮಾಡುತ್ತೆ, ತುಟಿ ನೆಕ್ಕುತ್ತೆ, ಮುಖ ತಿರುಗಿಸುತ್ತೆ ಅಂದ್ರು. ಯಾಕೆ ತಿಳಿಯಲ್ಲ ಅಂದೆ. ಹ್ಯಾಂಡ್ಲರ್ ಸಿಗ್ನಲ್ ಲೇಟಾಗಿ ಕೊಟ್ರೆ, ಇಲ್ಲಾ ಅವರ ಮೈ ಬಿಗಿ ಹಿಡಿದಿದ್ರೆ, ದನಿ ಬದಲಾಗಿದ್ರೆ ಅಂದ್ರು. ಮೈ ಯಾಕೆ ಬಿಗಿ ಹಿಡಿಯುತ್ತೆ ಅಂದೆ.

"ಹೊಸಬರು ಅಲ್ವಾ ಮೇಡಂ, ಭಯ ಇರುತ್ತೆ. ಅಷ್ಟು ವರ್ಷದಿಂದ ಆಡೋರೆಲ್ಲ ಹಗ್ಗದ ಆಚೆ ನಿಂತು ನೋಡ್ತಾ..."

ಅಲ್ಲಿಗೆ ನಿಲ್ಲಿಸಿಬಿಟ್ರು. ಕೈಯಲ್ಲಿದ್ದ ಕಾರ್ ಕೀ ತಿರುಗಿಸ್ತಾ ಇದ್ದಿದ್ದೂ ನಿಂತುಹೋಯ್ತು. ಎರಡು ಮೂರು ನಿಮಿಷ ಇಬ್ಬರೂ ಸುಮ್ನೆ ಕೂತಿದ್ವಿ, ಆಮೇಲೆ ಮೆಲ್ಲಗೆ ಅಂದ್ರು, "ಎಲ್ಲಾ ಗೊತ್ತಿತ್ತು ನನಗೆ."

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಒಂದು ನಾಯಿ ನಿಧಾನ ಇದೆ ಅಂತ ಗುರುತಿಸೋವಷ್ಟು ತಿಳಿದವರಿಗೆ ಅದು ಯಾಕೆ ನಿಧಾನ ಅನ್ನೋದೂ ತಿಳಿದಿರುತ್ತೆ, ಮನಸ್ಸಲ್ಲಿ ನೋವು ಇಟ್ಕೊಂಡಿದ್ದಾಗ ಮೊದಲರ್ಧ ಮಾತ್ರ ಬಾಯಿಗೆ ಬರುತ್ತೆ. ರಿಂಗ್ ಒಳಗೆ ನಾಯಿ ಜೊತೆ ಒರಟಾಗಿ ನಡ್ಕೊಂಡ್ರೆ ಜಡ್ಜ್ ಆಟದಿಂದಲೇ ತೆಗೆದು ಹಾಕ್ತಾರೆ. ಹಗ್ಗದ ಆಚೆ ಪಿಸುಮಾತಲ್ಲಿ ಆಡಿದ್ದನ್ನ ಯಾವ ಜಡ್ಜ್ ಕೇಳಿಸ್ಕೋತಾರೆ, ಅದನ್ನ ನಾವೇ ನೋಡ್ಕೋಬೇಕು.

ಕ್ಷಮೆ ಕೇಳೋಕೆ ಇವರು ಒಂದು ಉದ್ದದ ಮೆಸೇಜ್ ಬರ್ಕೊಂಡು ಬಂದಿದ್ರು. ಅದರಲ್ಲಿ ಎ ಫ್ರೇಮ್ ಕಥೆ, ಆವತ್ತಿನ ಮೂಡು, ನಾನು ಅಂಥವಳಲ್ಲ ಅನ್ನೋದು ಎಲ್ಲಾ ಇತ್ತು. ಇಬ್ಬರೂ ಕೂತು ಹೊಡೆದು ಹಾಕ್ತಾ ಹೋದ್ವಿ, ಕೊನೆಗೆ ಉಳಿದಿದ್ದು ಇಷ್ಟು: "ಆವತ್ತು ನಿಮ್ಮ ನಾಯಿ ಬಗ್ಗೆ ನಾನು ಆಡಿದ್ದು ತಪ್ಪು. ನಿಮಗೆ ಕೇಳಿಸ್ತು ಅಂತ ಗೊತ್ತು. ಕ್ಷಮಿಸಿ. ಉತ್ತರ ಕೊಡಲೇಬೇಕು ಅಂತೇನಿಲ್ಲ." ಆ ಕೊನೇ ಸಾಲು ಬೇಕೇ ಬೇಕು ಅಂತ ಹಟ ಹಿಡಿದಿದ್ದು ನಾನೇ. ನೊಂದವರಿಗೆ ನಮ್ಮನ್ನ ಸಮಾಧಾನ ಮಾಡೋ ಕೆಲಸಾನೂ ಹೊರಿಸಬಾರದು.

ಎರಡನೇದು, ಮುಂದಿನ ಮೂರು ಸ್ಪರ್ಧೇಲಿ ಹೊಸಬರ ಕ್ಲಾಸಲ್ಲಿ ಜಂಪಿಂದ ಬಿದ್ದ ಬಾರ್ (ಅಡ್ಡ ಕೋಲು) ಎತ್ತಿ ಇಡೋ ಕೆಲಸ ಕೇಳಿ ತಗೊಳ್ಳಿ ಅಂದೆ. ರಿಂಗ್ ಒಳಗೇ ಒಂದು ಕುರ್ಚಿ ಹಾಕ್ಕೊಂಡು ಅಲ್ಲಾಡದೆ ಕೂತಿರ್ಬೇಕು. ಮೂರನೇದು, ಪ್ರತಿ ಸಲ ಒಬ್ಬರಿಗಾದ್ರೂ, ನೀವು ಕಣ್ಣಾರೆ ನೋಡಿದ ಒಂದು ಒಳ್ಳೇದನ್ನ ಹೇಳಿ, ಬರೀ "ಸೂಪರ್" ಬೇಡ, ಸತ್ಯ ಹೇಳೋರು ಅಂತೀರಲ್ಲ, ಅದನ್ನೂ ಸತ್ಯವಾಗೇ ಹೇಳಿ.

ನನ್ನ ಜೊತೆ ಕೆಲಸ ಮಾಡೋ ಒಬ್ಬರು ಇದು ಸಲಹೆ ಅಲ್ಲ, ಶಿಕ್ಷೆ ಅಂದ್ರು. ನಾನು ಒಪ್ಪಲ್ಲ. ಹಗ್ಗದ ಆಚೆ ನಿಂತ್ರೆ ಕಾಣಿಸೋದು ನಾಯಿಯ ಸ್ಪೀಡು, ಒಳಗೆ ಕೂತ್ರೆ ಸ್ಟಾರ್ಟ್ ಲೈನಲ್ಲಿ ಲೀಷ್ ಬಿಚ್ಚೋ ಕೈ ನಡುಗೋದು ಕಾಣಿಸುತ್ತೆ. ಆಕೆಗೆ ಬೇಕಿದ್ದಿದ್ದು ಆ ನೋಟ. ಮನೇಲಿ ಕೂತು ಪಶ್ಚಾತ್ತಾಪ ಪಟ್ರೆ ಅದು ಸಿಗಲ್ಲ.

ಎರಡನೇ ಸ್ಪರ್ಧೆ ಆದ್ಮೇಲೆ ಬಂದು ಹೇಳಿದ್ರು. ವಯಸ್ಸಾದ ಒಬ್ಬರ ನಾಯಿ ಟನಲ್ಲಿಂದ ಹೊರಗೆ ಬಂದಿದ್ದೇ ಸೀದಾ ಇವರ ಕುರ್ಚಿ ಹತ್ರ ಬಂದು ಕಾಲ ಮೇಲೆ ಕೂತುಬಿಡ್ತಂತೆ. ಮುಟ್ಟೋ ಹಾಗಿಲ್ಲ, ಕರೆಯೋ ಹಾಗಿಲ್ಲ, ಇವರು ನೆಲ ನೋಡ್ತಾ ಕೂತ್ರಂತೆ. ಆ ಯಜಮಾನರು ದೂರದಿಂದ ಹೆಸರು ಹಿಡಿದು ಕರೀತಾ ಕರೀತಾ, ನಾಲ್ಕನೇ ಸಲಕ್ಕೆ ಅವರ ದನಿ ಸಡಿಲ ಆಯ್ತು, ನಾಯಿ ಎದ್ದು ಓಡ್ತು. ಓಟ ಮುಗಿದ್ಮೇಲೆ ಇವರು ಹುಡುಕ್ಕೊಂಡು ಹೋಗಿ, "ಸರ್, ನೀವು ದನಿ ಇಳಿಸಿದ ತಕ್ಷಣ ಅದು ಎದ್ದು ಬಂತು, ನೋಡಿದ್ರಾ?" ಅಂದಿದ್ದಾರೆ. ಯಜಮಾನರು ನೋಡಿರಲಿಲ್ಲವಂತೆ, ಇನ್ನೊಂದು ಸಲ ಹೇಳಿ ಅಂತ ಕೇಳಿದ್ರಂತೆ.

ಆ ಮೆಸೇಜಿಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಮೊದಮೊದಲು ಬಂದಾಗೆಲ್ಲ ಫೋನ್ ತೆಗೆದು ತೋರಿಸೋರು, ಈಗ ತೋರಿಸಲ್ಲ. ಮೂರು ಸ್ಪರ್ಧೆ ಮುಗಿದು ಎಷ್ಟೋ ದಿನ ಆದ್ರೂ ಬಾರ್ ಎತ್ತಿ ಇಡೋ ಕೆಲಸ ಬಿಟ್ಟಿಲ್ಲ.