ಸ್ವಿಸ್ ಹಳ್ಳಿಯೊಂದರ ಗೋಮಾಳ ಐದು ಶತಮಾನ ಹಾಳಾಗದೆ ಉಳಿದದ್ದು ಹೇಗೆ?

ಸ್ವಿಟ್ಜರ್ಲೆಂಡ್‌ನ ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿದ ಕಾಡು ಮತ್ತು ಹುಲ್ಲುಗಾವಲು ಇಂದಿಗೂ ಸುಸ್ಥಿತಿಯಲ್ಲಿರುವುದಕ್ಕೆ ಅಲ್ಲಿನ ಜನರ ಒಳ್ಳೆಯತನವೇ ಕಾರಣವೇ ಎಂದು ನೀವು ಕೇಳಿದ್ದೀರಿ. ಸಾಮುದಾಯಿಕ ಭೂಮಿಯ ಚರಿತ್ರೆಯನ್ನು ಬಹುಕಾಲದಿಂದ ಆಸಕ್ತಿಯಿಂದ ಓದುತ್ತ ಬಂದವನಾಗಿ, ನನಗೆ ಚೆನ್ನಾಗಿ ಪರಿಚಯವಿರುವ ಟೊರ್ಬೆಲ್ ಎಂಬ ಒಂದೇ ಊರನ್ನು ಮುಂದಿಟ್ಟುಕೊಂಡು ಉತ್ತರಿಸುತ್ತೇನೆ.

ಟೊರ್ಬೆಲ್ ಇರುವುದು ವಾಲೇ ಪ್ರಾಂತ್ಯದ ಜರ್ಮನ್ ಮಾತಾಡುವ ಭಾಗದಲ್ಲಿ, ಫಿಸ್ಪ್ ಪಟ್ಟಣದ ಮೇಲಿನ ಕಡಿದಾದ ಇಳಿಜಾರಿನಲ್ಲಿ, ಸುಮಾರು 1500 ಮೀಟರ್ ಎತ್ತರದಲ್ಲಿ. ಅಲ್ಲಿ ಮಳೆ ಕಡಿಮೆಯಾದ್ದರಿಂದ ಹುಲ್ಲು ಬೆಳೆಯುವುದಕ್ಕೂ ಕಾಲುವೆಯ ನೀರು ಬೇಕು, ಆ ನೀರನ್ನು ಮನೆಗಳವರು ಸರದಿಯ ಪ್ರಕಾರ ಹಂಚಿಕೊಳ್ಳಬೇಕು. ಧಾನ್ಯದ ಹೊಲ, ತೋಟ, ದ್ರಾಕ್ಷಿತೋಟ ಮತ್ತು ಒಣಮೇವು ಕೊಯ್ಯುವ ಹುಲ್ಲುಭೂಮಿ ಆಯಾ ಕುಟುಂಬಗಳ ಸ್ವಂತದ್ದಾಗಿದ್ದವು. ಬೇಸಿಗೆಯಲ್ಲಿ ಹಸುಗಳು ಮೇಯುವ ಎತ್ತರದ ಬೆಟ್ಟದ ಹುಲ್ಲುಗಾವಲು, ಕಾಡು, ಪಾಳುಭೂಮಿ ಮತ್ತು ದಾರಿಗಳು ಊರಿನವಾಗಿದ್ದವು.

1483ರ ಫೆಬ್ರವರಿ 1ರಂದು ಊರಿನವರು ಸೇರಿ ಈ ಸಾಮುದಾಯಿಕ ಭೂಮಿಯನ್ನು ನೋಡಿಕೊಳ್ಳುವ ಸಂಘವೊಂದರ ಕರಾರಿಗೆ ಒಪ್ಪಿಗೆ ನೀಡಿದರು. ಹೊರಗಿನವನು ಊರಿನಲ್ಲಿ ಜಮೀನು ಕೊಂಡರೂ ಅವನಿಗೆ ಬೆಟ್ಟದ ಮೇವಿನ ಮೇಲಾಗಲಿ, ಕಾಡಿನ ಮರದ ಮೇಲಾಗಲಿ ಹಕ್ಕಿಲ್ಲವೆಂದು ಅದು ವಿಧಿಸಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತಲೂ ಮುಖ್ಯವಾದದ್ದು 1517ರ ದಾಖಲೆಯಲ್ಲಿ ಕಾಣುವ ನಿಯಮ: ಚಳಿಗಾಲವಿಡೀ ಎಷ್ಟು ಹಸುಗಳನ್ನು ಸಾಕಬಲ್ಲರೋ ಅದಕ್ಕಿಂತ ಹೆಚ್ಚು ಹಸುಗಳನ್ನು ಬೇಸಿಗೆಯಲ್ಲಿ ಯಾರೂ ಬೆಟ್ಟಕ್ಕೆ ಅಟ್ಟುವಂತಿಲ್ಲ. ಹಿಮ ಮುಚ್ಚಿದ ತಿಂಗಳುಗಳಲ್ಲಿ ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿಗೆ ಒಣಹುಲ್ಲು ಹಾಕಬೇಕು, ಆ ಹುಲ್ಲು ಅವರವರ ಜಮೀನಿನ ಅಳತೆಗೆ ತಕ್ಕಷ್ಟೇ ಸಿಗುತ್ತದೆ; ಹೀಗಾಗಿ ಊರ ಹುಲ್ಲುಗಾವಲಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ನೆರೆಹೊರೆಯವರೆಲ್ಲ ಕಣ್ಣಾರೆ ಕಂಡು ಹೇಳಬಹುದಿತ್ತು. ಬೇಸಿಗೆಯಲ್ಲಿ ಎಲ್ಲ ಮನೆಗಳ ಹಸುಗಳನ್ನು ಒಟ್ಟಿಗೇ ಬೆಟ್ಟಕ್ಕೆ ಹೊಡೆದು, ಅಲ್ಲಿಯೇ ಎಣಿಸುತ್ತಿದ್ದರು. ನಿಯಮ ಮೀರಿದವರಿಗೆ ದಂಡ ಹಾಕುವ ಊರ ಅಧಿಕಾರಿಗೆ ಆ ದಂಡದ ಅರ್ಧಭಾಗ ಸಲ್ಲುತ್ತಿದ್ದುದರಿಂದ ಅವನು ಕಣ್ಣುಮುಚ್ಚಿ ಕೂರುವ ಸಂಭವವೂ ಕಡಿಮೆಯಾಗಿತ್ತು.

ದುಡಿಮೆಯೂ ಇದೇ ಲೆಕ್ಕದಲ್ಲಿ ಹಂಚಿಕೆಯಾಗುತ್ತಿತ್ತು. ಬೆಟ್ಟದ ದಾರಿ ದುರಸ್ತಿ ಮಾಡುವುದಕ್ಕೆ, ಗೊಬ್ಬರ ಹರಡುವುದಕ್ಕೆ, ಹಿಮಕುಸಿತದಿಂದ ಮುರಿದ ದೊಡ್ಡಿಗಳನ್ನು ಮತ್ತೆ ಕಟ್ಟುವುದಕ್ಕೆ ಹಸುಗಳ ಸಂಖ್ಯೆಗೆ ತಕ್ಕಂತೆ ಪ್ರತಿ ಮನೆಯವರೂ ಆಳು ಕೊಡಬೇಕಿತ್ತು. ಸೌದೆಯ ವಿಷಯದಲ್ಲಿ, ಅಧಿಕಾರಿಗಳು ಗುರುತು ಹಾಕಿದ ಮರಗಳನ್ನು ಕಡಿದು ಸಮನಾದ ರಾಶಿಗಳನ್ನು ಮಾಡಿದ ಮೇಲೆ ಯಾವ ರಾಶಿ ಯಾರಿಗೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು.

ಈ ಊರು ಹೊರಲೋಕದ ಗಮನಕ್ಕೆ ಬಂದದ್ದು ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಅವರ ಅಧ್ಯಯನದಿಂದ. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗುವುದು ಅನಿವಾರ್ಯವೆಂದು ಅಮೆರಿಕದ ಪರಿಸರವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಆ ವಾದಕ್ಕೆ ಉತ್ತರ ಕೊಡುವಾಗ ಟೊರ್ಬೆಲ್‌ನ ನಿದರ್ಶನವನ್ನು ವಿಸ್ತಾರವಾಗಿ ಬಳಸಿದರು.

ಆದರೆ ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡಲು ನನಗೆ ಮನಸ್ಸಾಗುವುದಿಲ್ಲ. ಬೆಟ್ಟ ಹೊರಬಲ್ಲ ಹಸುಗಳಿಗೆ ಮಿತಿಯಿದ್ದಂತೆ ಊರು ಹೊರಬಲ್ಲ ಜನರಿಗೂ ಮಿತಿಯಿತ್ತು: ತಡವಾದ ಮದುವೆ, ಮದುವೆಯೇ ಆಗದೆ ಉಳಿದವರ ದೊಡ್ಡ ಸಂಖ್ಯೆ ಮತ್ತು ವಲಸೆ, ಇವುಗಳ ಮೂಲಕವೇ ಆ ಸಮತೋಲ ಉಳಿದು ಬಂದಿತ್ತು. ಜಮೀನು ಹೆಚ್ಚಿದ್ದವರಿಗೆ ಬೆಟ್ಟದ ಪಾಲೂ ಹೆಚ್ಚು ದಕ್ಕುತ್ತಿತ್ತು. ಹೆಂಗಸರಿಗಂತೂ ಸ್ವಿಟ್ಜರ್ಲೆಂಡ್‌ನ ರಾಷ್ಟ್ರಮಟ್ಟದ ಮತದಾನದ ಹಕ್ಕು ಸಿಕ್ಕಿದ್ದೇ 1971ರಲ್ಲಿ.

ಆದ್ದರಿಂದ ಒಳ್ಳೆಯತನವೇ ಕಾರಣವೆಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಟೊರ್ಬೆಲ್‌ನವರು ಒಬ್ಬರನ್ನೊಬ್ಬರು ನಂಬಿದ್ದು ನಿಜ. ಆ ನಂಬಿಕೆಗೆ ಆಸರೆಯಾಗಿ ಪ್ರತಿ ವರ್ಷವೂ ಎಲ್ಲರ ಎದುರಿಗೆ ಹಸುಗಳ ಎಣಿಕೆ ನಡೆಯುತ್ತಿತ್ತು, ಎಣಿಕೆಯ ನಿಯಮವನ್ನು ಮಾಡುವ ಅಧಿಕಾರವೂ ಆ ಹುಲ್ಲುಗಾವಲನ್ನು ಬಳಸುವವರ ಸಭೆಯಲ್ಲಿಯೇ ಇತ್ತು.