ಹೊಟ್ಟೆಯ ಮಹಾಪಧಮನಿಗೆ ಸ್ಟೆಂಟ್ ಗ್ರಾಫ್ಟ್: ಬಟ್ಟೆ ಯಾವುದಾದರೇನು?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಹೊಟ್ಟೆಯಲ್ಲಿ ಮಹಾಪಧಮನಿ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಉಬ್ಬಿ 5.8 ಸೆಂ.ಮೀ. ಆಗಿದೆ. ತೊಡೆಸಂದಿನಿಂದ ಸ್ಟೆಂಟ್ ಗ್ರಾಫ್ಟ್ (ಲೋಹದ ತಂತಿಗೆ ಬಟ್ಟೆ ಹೊದಿಸಿದ ಕೊಳವೆ) ಹಾಕುತ್ತಾರಂತೆ. ಪಾಲಿಯೆಸ್ಟರ್ ಬಟ್ಟೆಯದಾದರೆ ರಕ್ತನಾಳ ಗಡಸಾಗುತ್ತದೆ, ಪಿಟಿಎಫ್‌ಇ (ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್) ಇರುವುದನ್ನೇ ಕೇಳಿ ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ನಿಜವೇ?
– ದಾವಣಗೆರೆಯ ಓದುಗರು

ಉತ್ತರ: ಅರ್ಧ ನಿಜ. ಗ್ರಾಫ್ಟ್ ಯಾವುದೇ ಇರಲಿ, ಹಾಕಿದ ಭಾಗ ಗಡಸಾಗುತ್ತದೆ. ಆರೋಗ್ಯವಂತ ಮಹಾಪಧಮನಿ ಪ್ರತಿ ಬಡಿತಕ್ಕೂ ಹಿಗ್ಗಿ, ಬಿಡುವಿನಲ್ಲಿ ಕುಗ್ಗಿ ರಕ್ತವನ್ನು ಮುಂದಕ್ಕೆ ತಳ್ಳುತ್ತದೆ. ನೇಯ್ದ ಪಾಲಿಯೆಸ್ಟರ್ ಆಗಲಿ, ಪಿಟಿಎಫ್‌ಇ ಹಾಳೆಯಾಗಲಿ, ಲೋಹದ ತಂತಿಯ ಬಳೆಗಳ ಜೊತೆ ಸೇರಿದಾಗ ಅಷ್ಟು ಹಿಗ್ಗುವುದಿಲ್ಲ.

ಇನ್ನೊಂದು ಕಾರಣ ಅಗಲ. ನಾಡಿಯ ಅಲೆ (ಪ್ರತಿ ಬಡಿತಕ್ಕೆ ನಾಳದಲ್ಲಿ ಸಾಗುವ ಒತ್ತಡದ ಅಲೆ; ಅದರ ವೇಗವೇ ಗಡಸುತನದ ಅಳತೆ) ಅಗಲವಾದ ಕೊಳವೆಯಲ್ಲಿ ನಿಧಾನ, ಕಿರಿದಾದ ಗಡಸು ಕೊಳವೆಯಲ್ಲಿ ಜೋರು. 58 ಮಿ.ಮೀ. ಉಬ್ಬಿನೊಳಗೆ 25ರಿಂದ 28 ಮಿ.ಮೀ. ಕೊಳವೆ, ಅದರ ಕೆಳಗೆ ಇನ್ನೂ ಸಣ್ಣ ಎರಡು ಕವಲುಗಳು ಬಂದು ಕೂತರೆ ವೇಗ ಏರುವುದು ಸಹಜ. ಕುತ್ತಿಗೆಯಿಂದ ತೊಡೆಸಂದಿನವರೆಗಿನ 50 ಸೆಂ.ಮೀ. ದಾರಿಗೆ ಅಲೆ 50 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು ಎಂದಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 10 ಮೀಟರ್. ಗ್ರಾಫ್ಟ್ ಇರುವ ತುಂಡಿನಲ್ಲಿ ಬರೀ 5 ಮಿಲಿಸೆಕೆಂಡ್ ಉಳಿತಾಯವಾದರೂ ಸರಾಸರಿ 11 ದಾಟುತ್ತದೆ. ಆಗ ಕೆಳಗಿನಿಂದ ಪುಟಿದು ಬರುವ ಅಲೆ ಹೃದಯ ಇನ್ನೂ ಹಿಂಡುತ್ತಿರುವಾಗಲೇ ಎದುರಾಗುತ್ತದೆ. ಮೇಲಿನ ಬಿಪಿ ಏರುತ್ತದೆ, ದೇಹಕ್ಕೆ ರಕ್ತ ತಳ್ಳುವ ಎಡ ಹೃತ್ಕುಕ್ಷಿಗೆ ಹೊರೆ ಹೆಚ್ಚುತ್ತದೆ. ಹಾಗೆಂದು ಉಬ್ಬಿದ ನಾಳ ಮೊದಲು ಮೆತ್ತಗಿತ್ತು ಎಂದುಕೊಳ್ಳಬೇಡಿ. ಅದಕ್ಕೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಎಂಬ ನಾರು ಆಗಲೇ ಸವೆದಿರುತ್ತದೆ.

ಇನ್ನು ಬಟ್ಟೆಯ ವಿಚಾರ. ಪಾಲಿಯೆಸ್ಟರ್ ಹಾಕಿದವರಲ್ಲಿ ಅಲೆಯ ವೇಗ ಪಿಟಿಎಫ್‌ಇಗಿಂತ ಹೆಚ್ಚು ಏರಿದ್ದನ್ನು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಆದರೆ ಅದರಿಂದಲೇ ಹೃದಯಾಘಾತ ಹೆಚ್ಚುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಸಾಬೀತಾಗಿಲ್ಲ. ಪಿಟಿಎಫ್‌ಇಯೂ ದೋಷವಿಲ್ಲದ್ದೇನಲ್ಲ. ಅದರ ಹಳೆಯ ಮಾದರಿಗಳಲ್ಲಿ ಸೂಕ್ಷ್ಮ ರಂಧ್ರಗಳಿಂದ ದ್ರವ ಜಿನುಗಿ, ಸೋರಿಕೆ ಕಾಣದಿದ್ದರೂ ಉಬ್ಬು ಬೆಳೆಯುತ್ತಿತ್ತು. 2004ರ ಸುಮಾರಿಗೆ ಜಿನುಗದ ಪದರ ಸೇರಿಸಿದ ಮೇಲೆ ಆ ತೊಂದರೆ ಇಳಿಯಿತು.

ಆಯ್ಕೆ ನಿಜವಾಗಿ ತೀರ್ಮಾನವಾಗುವುದು ಸಿಟಿ ಆಂಜಿಯೊ (ರಕ್ತನಾಳಗಳ ಸ್ಕ್ಯಾನ್) ಅಳತೆಗಳ ಮೇಲೆ. ಮೂತ್ರಪಿಂಡದ ನಾಳಗಳ ಕೆಳಗೆ, ಉಬ್ಬು ಶುರುವಾಗುವ ಮುಂಚಿನ ಆರೋಗ್ಯವಂತ ತುಂಡನ್ನು ಡಾಕ್ಟರುಗಳು ‘ನೆಕ್’ ಎನ್ನುತ್ತಾರೆ. ಬಹುಪಾಲು ಗ್ರಾಫ್ಟ್‌ಗಳಿಗೆ ಅದು ಕನಿಷ್ಠ 10–15 ಮಿ.ಮೀ. ಉದ್ದವಿರಬೇಕು, 60 ಡಿಗ್ರಿಗಿಂತ ಹೆಚ್ಚು ಬಾಗಿರಬಾರದು. ಗ್ರಾಫ್ಟ್‌ನ ಅಗಲ ನೆಕ್‌ನ ಅಗಲಕ್ಕಿಂತ ಶೇ 10–20ರಷ್ಟು ದೊಡ್ಡದಿರಬೇಕು. ನೆಕ್ 22 ಮಿ.ಮೀ. ಇದ್ದರೆ ಮಾದರಿಗೆ ತಕ್ಕಂತೆ 25 ಅಥವಾ 26 ಮಿ.ಮೀ. ಗ್ರಾಫ್ಟ್ ಹಿಡಿಸುತ್ತದೆ. ಸಣ್ಣದಾದರೆ ಅಂಚಿನಿಂದ ಸೋರುತ್ತದೆ. ತೀರಾ ದೊಡ್ಡದಾದರೆ ಬಟ್ಟೆ ನೆರಿಗೆಗಟ್ಟಿ, ಆ ನೆರಿಗೆಯೊಳಗಿಂದಲೇ ಸೋರುತ್ತದೆ. ಪಾಲಿಯೆಸ್ಟರ್, ಪಿಟಿಎಫ್‌ಇ ಗ್ರಾಫ್ಟ್‌ಗಳೆರಡೂ ಸರಿಯಾಗಿ ಕೂರುತ್ತವೆ ಎಂದಾದರೆ ಮಾತ್ರ ಬಟ್ಟೆಯ ಮಾತು. ಅಲ್ಲಿಯವರೆಗೆ ಪರಿಚಿತರ ಸಲಹೆ ಬದಿಗಿಡಿ.

ಪ್ರಶ್ನೆ: ಅಮ್ಮನಿಗೆ ಗ್ರಾಫ್ಟ್ ಹಾಕಿ ಮೂರು ತಿಂಗಳಾಯಿತು. ಮೊದಲು 146/84 ಇದ್ದ ಬಿಪಿ ಈಗ 164/70 ಇದೆ. ಗಡಸುತನದಿಂದಲೇ ಹೀಗಾಗಿದೆಯೇ?
– ಮೈಸೂರಿನ ಓದುಗರು

ಉತ್ತರ: ಇರಬಹುದು. ಎರಡು ಅಂಕಿಗಳ ಅಂತರ 62ರಿಂದ 94ಕ್ಕೆ ಹೋಗಿದೆ. ಮೇಲಿನದು ಏರಿ ಕೆಳಗಿನದು ಇಳಿಯುವುದು ಗಡಸು ನಾಳದ ಲಕ್ಷಣವೇ. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಒಂದು ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಲೇಬೇಕು. ಗ್ರಾಫ್ಟ್‌ನ ಮೇಲಂಚು ಮೂತ್ರಪಿಂಡದ ನಾಳದ ಬಾಯಿಗೆ ಅಡ್ಡ ಬಂದಿದ್ದರೂ ಬಿಪಿ ಹೀಗೆ ಏರಬಹುದು. ಎರಡೂ ಬದಿಯ ನಾಳ ಕಿರಿದಾಗಿರುವಾಗ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಕೊಟ್ಟರೆ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತೋರಿಸುವ ರಕ್ತದ ಅಂಕಿ) ದಿಢೀರನೆ ಏರುತ್ತದೆ. ನಾಳ ಸರಿಯಿದ್ದರೆ ಇದೇ ಮಾತ್ರೆಗಳು ಒಳ್ಳೆಯ ಆಯ್ಕೆ, ಗಡಸುತನವನ್ನೂ ಸ್ವಲ್ಪ ತಗ್ಗಿಸುತ್ತವೆ. ಶುರು ಮಾಡಿದ 1–2 ವಾರಕ್ಕೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ.

ಮನೆಯಲ್ಲಿ ಬಿಪಿ ನೋಡುವಾಗ 5 ನಿಮಿಷ ಒರಗಿ ಕೂತು, ಕಾಫಿ ಕುಡಿದು ಅರ್ಧ ಗಂಟೆಯಾದರೂ ಆದ ಮೇಲೆ, ಒಂದು ನಿಮಿಷ ಬಿಟ್ಟು ಎರಡು ಸಲ ಅಳೆದು ಬರೆದಿಡಿ. ಎದ್ದು ನಿಂತ ಮೇಲೂ ಒಮ್ಮೆ ಅಳೆಯಿರಿ. ಮೇಲಿನ ಅಂಕಿಯನ್ನು ಇಳಿಸುವ ಆತುರದಲ್ಲಿ ಕೆಳಗಿನದು 60ಕ್ಕಿಂತ ತಗ್ಗಿದರೆ, ಹೃದಯದ ನಾಳದ ಕಾಯಿಲೆ ಇರುವವರಿಗೆ ಅಪಾಯವಾಗಬಹುದು. ಹೃದಯದ ಸ್ವಂತ ನಾಳಗಳಿಗೆ ರಕ್ತ ಹರಿಯುವುದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ಬಿಡುವಿನಲ್ಲೇ.

ಪ್ರಶ್ನೆ: ಗಡಸುತನ ಅಳೆಯುವ ಟೆಸ್ಟ್ ಮಾಡಿಸಬೇಕೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಕಡ್ಡಾಯವಿಲ್ಲ. ಮಾಡಿಸುವುದಾದರೆ ಆಪರೇಷನ್‌ಗೆ ಮುಂಚೆ ಒಮ್ಮೆ, ನಂತರ ಅದೇ ಯಂತ್ರದಲ್ಲಿ ಇನ್ನೊಮ್ಮೆ. ಒಂದೇ ಸಲದ ಅಂಕಿಯಿಂದ ಗ್ರಾಫ್ಟ್ ಏನು ಮಾಡಿತು ಎಂದು ತಿಳಿಯದು. ಕುತ್ತಿಗೆ–ತೊಡೆಸಂದು ಅಳತೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 10 ಮೀಟರ್ ದಾಟಿದರೆ ಹೆಚ್ಚು ಎನ್ನುತ್ತಾರೆ. ತೋಳು–ಪಾದದ ಗಂಟಿಗೆ ಪಟ್ಟಿ ಕಟ್ಟುವ ಯಂತ್ರದಲ್ಲಿ ಅಂಕಿಗಳು ಸಹಜವಾಗಿಯೇ ದೊಡ್ಡವು, ಅದನ್ನು 10ಕ್ಕೆ ಹೋಲಿಸಿ ಗಾಬರಿಯಾಗಬೇಡಿ. ಕಾಲಿನ ನಾಳ ಕಟ್ಟಿಕೊಂಡವರಲ್ಲಿ ಆ ಯಂತ್ರದ ಮಾತನ್ನು ನಂಬುವಂತೆಯೂ ಇಲ್ಲ.

ಪ್ರಶ್ನೆ: ಆಪರೇಷನ್ ಆದ ಎರಡನೇ ದಿನದಿಂದ ಯಜಮಾನರಿಗೆ ಜ್ವರ. ಸೋಂಕೇ?
– ಶಿರಸಿಯ ಓದುಗರು

ಉತ್ತರ: ಮೊದಲ ಕೆಲವು ದಿನ 38 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವರ, 12,000 ಮೀರಿದ ಬಿಳಿ ರಕ್ತಕಣ, ಆದರೆ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದಿರುವುದು ಗ್ರಾಫ್ಟ್‌ಗೆ ದೇಹ ತೋರುವ ಪ್ರತಿಕ್ರಿಯೆ. ಪಾಲಿಯೆಸ್ಟರ್‌ನಲ್ಲಿ ಇದು ಹೆಚ್ಚು. ಒಂದೆರಡು ವಾರದಲ್ಲಿ ತಾನಾಗಿ ಇಳಿಯುತ್ತದೆ, ಪ್ಯಾರಸಿಟಮಾಲ್ ಸಾಕು. ಸಿಟಿಗೆ ಕೊಟ್ಟ ಬಣ್ಣದ ಇಂಜೆಕ್ಷನ್ನಿನಿಂದ ಮೂತ್ರಪಿಂಡ ಆಗಲೇ ದಣಿದಿರುವುದರಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಬೇಡ. ಚಳಿ ನಡುಕ, ತೊಡೆಸಂದಿನ ಗಾಯದಲ್ಲಿ ಕೀವು, ಹೊಸದಾಗಿ ಬೆನ್ನುನೋವು ಇದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಮೆಡಿಕಲ್ ಶಾಪಿನಿಂದ ನೇರವಾಗಿ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್‌ನಂಥ ಆಂಟಿಬಯೋಟಿಕ್ ತಂದು ನುಂಗಿಸುವ ಅಭ್ಯಾಸ ನಮ್ಮಲ್ಲಿದೆ. ಮಹಾಪಧಮನಿ ಉಬ್ಬಿರುವವರಿಗೆ, ಬೇರೆ ದಾರಿಯಿಲ್ಲದಿದ್ದರೆ ಹೊರತು, ಈ ಗುಂಪಿನ ಔಷಧ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಗ್ರಾಫ್ಟ್‌ನ ಹೆಸರು, ಅಳತೆ ಬರೆದ ಇಂಪ್ಲಾಂಟ್ ಕಾರ್ಡನ್ನು ಪರ್ಸ್‌ನಲ್ಲಿಟ್ಟುಕೊಂಡು, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಅದನ್ನು ತೋರಿಸಿ.